ಹಂಸಾಬೆನ್ ಅಂಗಡಿಗೆ ಎಳೆದ ತಂತಿ

ಕಳೆದ ವಾರ ವಡೋದರಾದಲ್ಲಿ ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆಗೆ ಹೋಗಿದ್ದೆ. ನರ್ಸ್ ನನ್ನ ತೋಳಿಗೆ ಸ್ಪಿರಿಟ್ಟಿನ ಹತ್ತಿ ಒರೆಸಿದಳು. ಆ ವಾಸನೆಗೆ ಬೇರೆಯವರಿಗೆ ಆಸ್ಪತ್ರೆ ನೆನಪಾಗುತ್ತದೆ, ನನಗೆ ಅಹಮದಾಬಾದಿನ ಚಾಂದ್‌ಖೇಡಾದ ಒಂದು ಮಳೆಗಾಲ ನೆನಪಾಯಿತು. ಇಂಟರ್ನೆಟ್ಟಿನ ಫೈಬರನ್ನು ಜೋಡಿಸುವ ಮೊದಲು ಅದರ ತುದಿಯನ್ನು ಹೀಗೆಯೇ ಸ್ಪಿರಿಟ್ಟಿನಿಂದ ಒರೆಸುತ್ತಾರೆ. ಕೂದಲಿನಷ್ಟು ಸಣ್ಣ ಗಾಜಿನ ಎಳೆ. ನನ್ನ ಎದುರಂಗಡಿಯ ಲೈನ್‌ಮನ್ ಕನುಭಾಯಿ ಅದನ್ನು ಎರಡು ಬೆರಳ ನಡುವೆ ಹಿಡಿದು, ಮಗುವಿನ ಮೂಗು ಒರೆಸುವಷ್ಟು ಮೆತ್ತಗೆ ಒರೆಸುತ್ತಿದ್ದರು.

"ಹೆದರಬೇಡಿ ಕಾಕಾ, ಇನ್ನೂ ಚುಚ್ಚಿಯೇ ಇಲ್ಲ" ಎಂದು ನರ್ಸ್ ನಕ್ಕಳು. ನನ್ನ ಕಣ್ಣು ಒದ್ದೆಯಾದದ್ದನ್ನು ಅವಳು ನೋಡಿರಬೇಕು.

ಈಗ ನಾನಿರುವುದು ಮಗಳ ಮನೆಯಲ್ಲಿ. ಅಳಿಯನಿಗೆ ಇಲ್ಲೇ ಹತ್ತಿರ ಕೊಯಾಲಿಯ ಎಣ್ಣೆ ರಿಫೈನರಿಯಲ್ಲಿ ಕೆಲಸ. ಮೊಮ್ಮಗಳಿಗೆ ನನ್ನ ಕನ್ನಡ ಅರ್ಧಂಬರ್ಧ ಅರ್ಥವಾಗುತ್ತದೆ, ಹಾಗಾಗಿ ಈ ಕಥೆ ಅವಳಿಗೆ ಹೇಳಿ ಮುಗಿಸುವಂಥದ್ದಲ್ಲ. ಬರೆದೇ ಇಡಬೇಕು ಅನ್ನಿಸಿತು. ಬರೆಯುವ ಮೊದಲು ಸೂರತ್ತಿಗೆ ಫೋನ್ ಮಾಡಿ, ಆಗ ಎದುರಂಗಡಿಯ ಒಡತಿಯಾಗಿದ್ದ ಹಂಸಾಬೆನ್ ಅವರ ಒಪ್ಪಿಗೆ ಕೇಳಿದೆ. ಅವರೀಗ ಅಲ್ಲಿ ಮಗನ ಜೊತೆ ಇದ್ದಾರೆ. "ಬರೆಯಿರಿ ಅಣ್ಣಾಭಾಯಿ. ಆದರೆ ನನ್ನನ್ನು ದೇವಿ ಮಾಡಬೇಡಿ, ನನ್ನಿಂದಲೂ ತಪ್ಪಾಗಿದೆ" ಅಂದರು. ಅವರ ತಪ್ಪು ನನ್ನ ತಪ್ಪಿನ ಹೊಟ್ಟೆಯಲ್ಲಿ ಹುಟ್ಟಿದ್ದು. ಅದನ್ನೇ ಹೇಳಲಿಕ್ಕಿದೆ.

ನಾನು ಉಡುಪಿ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಸೋದರಮಾವ ಅಹಮದಾಬಾದಿನ ನವರಂಗಪುರದ ತನ್ನ ಹೋಟೆಲಿಗೆ ಕರೆಸಿಕೊಂಡ. ಅಲ್ಲಿ ಗಿರಾಕಿಗಳು ನಮ್ಮನ್ನೆಲ್ಲ ಅಣ್ಣಾ ಎನ್ನುತ್ತಿದ್ದರು. ಗುಜರಾತಿನವರಿಗೆ ಭಾಯಿ ಸೇರಿಸದೆ ಬಾಯಿ ಬರುವುದಿಲ್ಲವಾದ್ದರಿಂದ ಅಣ್ಣಾಭಾಯಿ ಆದೆ. ಎರಡು ಭಾಷೆಯಲ್ಲೂ ಅಣ್ಣ. ಹೋಟೆಲು ಬಿಟ್ಟು ಕೇಬಲ್ ಟೀವಿಯ ವೈರು ಎಳೆಯುವ ಕೆಲಸಕ್ಕೆ ಬಿದ್ದೆ. ಕಾಲ ಬದಲಾದ ಹಾಗೆ ಅದೇ ಮನೆಗಳಿಗೆ ಇಂಟರ್ನೆಟ್ ಕೊಡುವವನಾದೆ. ಚಾಂದ್‌ಖೇಡಾದಲ್ಲಿ ಒಂದು ಅಂಗಡಿ, ಅದರ ಮೇಲೆಯೇ ಮನೆ.

ನನ್ನ ಅಂಗಡಿಯ ಎದುರು, ರಸ್ತೆಯ ಆ ಬದಿಗೆ, ಹಂಸಾಬೆನ್ ಅವರ ಅಂಗಡಿ. ಗಂಡ ತೀರಿಕೊಂಡ ಮೇಲೆ ಅವರ ಕೇಬಲ್ ವ್ಯವಹಾರವನ್ನು ತಾನೇ ಹಿಡಿದು ಇಂಟರ್ನೆಟ್ಟಿಗೆ ಬೆಳೆಸಿದ ಹೆಂಗಸು. ಜೈನರು. ಅವರ ಲೈನ್‌ಮನ್ ಕನುಭಾಯಿ, ಗಂಡನ ಕಾಲದಿಂದಲೂ ಇದ್ದವರು, ಆಗಲೇ ಐವತ್ತೈದು ದಾಟಿದ್ದರು. ರಸ್ತೆಯ ಈ ಬದಿಯ ಸೊಸೈಟಿಗಳು, ಅಂದರೆ ವಸತಿ ಸಮುಚ್ಚಯಗಳು, ನನ್ನವು, ಆ ಬದಿಯವು ಅವರವು. ಹದಿನೈದು ವರ್ಷ ನಾವು ಎದುರುಬದುರು ಕೂತು ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆದುಕೊಂಡವರು. ಹಬ್ಬಕ್ಕೆ ಕೈಮುಗಿದರೆ ಹೆಚ್ಚು.

ನಮ್ಮನ್ನು ಒಂದುಗೂಡಿಸಿದವರು ದೇಸಾಯರು. ಧಾರವಾಡದವರು, ಒಂದು ಸಂಶೋಧನಾ ಸಂಸ್ಥೆಯಿಂದ ನಿವೃತ್ತರಾದ ಎಂಜಿನಿಯರು. ಹೆಸರು ಕೇಳಿ ಊರೆಲ್ಲ ಅವರನ್ನು ಗುಜರಾತಿ ಎಂದೇ ತಿಳಿದಿತ್ತು. ಅವರು ನನ್ನ ಗಿರಾಕಿ, ಎದುರು ಸೊಸೈಟಿಯಲ್ಲಿದ್ದ ಅವರ ಗೆಳೆಯರು ಹಂಸಾಬೆನ್ ಅವರ ಗಿರಾಕಿ. ಒಂದು ದಿನ ಅಂಗಡಿಗೆ ಬಂದು ಕುರ್ಚಿ ಎಳೆದುಕೊಂಡು ಕೂತರು.

"ಅಲ್ರೀ, ನಾ ಎದುರಿನ ಮನಿಗೆ ಒಂದು ಫೋಟೋ ಕಳಿಸಿದ್ರ ಅದು ಯಾವ ದಾರ್ಯಾಗ ಹೋಗತೈತಿ, ಗೊತ್ತೈತೇನು?"

"ನಿಮ್ಮ ಮನೆಯಿಂದ ನನ್ನ ಅಂಗಡಿಯ ರೂಟರ್ ಮೆಷೀನಿಗೆ, ಅಲ್ಲಿಂದ ನನಗೆ ಲೈನು ಕೊಡುವ ಮೇಲಿನ ಕಂಪನಿಗೆ, ಅಲ್ಲಿಂದ ಮುಂಬೈಗೆ" ಅಂದೆ.

"ಮುಂಬೈದಾಗ ನಿಮ್ಮ ಕಂಪನಿ, ಆಕಿ ಕಂಪನಿ ಕೂಡತಾವ. ಅಲ್ಲಿ ದಾಟಿ ಮತ್ತ ತಿರುಗಿ ಚಾಂದ್‌ಖೇಡಾಕ್ಕ ಬರತೈತಿ! ನಡುವ ಎಷ್ಟ್ರೀ ರಸ್ತೆ? ನಲವತ್ತು ಹೆಜ್ಜಿ. ನಾ ಎಣಿಸೀನಿ. ನಲವತ್ತು ಹೆಜ್ಜಿ ದಾಟಾಕ ಮುಂಬೈಗೆ ಹೋಗಿ ಬರಬೇಕೇನು? ನೀವಿಬ್ಬರೂ ಸೇರಿ ಒಂದು ವೈರು ಎಳೀರಿ. ನಿಮ್ಮ ಮಂದಿ ಅವರ ಮಂದಿ ಕಡೆ ಹೋಗೂದು ಬರೂದು ಎಲ್ಲಾ ಅದರಾಗ ಆಗಲಿ. ದೊಡ್ಡ ದೊಡ್ಡ ಕಂಪನಿಗಳು ಹಿಂಗs ಮಾಡತಾವ. ನಿಮಗೇನು ಧಾಡಿ?"

ಧಾಡಿ ಇದ್ದದ್ದು ಮರ್ಯಾದೆಯದ್ದು, ಮೊದಲು ಹೋಗಿ ಕೇಳುವವರು ಯಾರು ಅಂತ. ಕೊನೆಗೆ ದೇಸಾಯರೇ ನಡೆದು ಹೋಗಿ ಕೇಳಿಬಂದರು. ಆ ಬದಿಯಲ್ಲಿ ಒಬ್ಬ ಗಣಿತದ ಮೇಷ್ಟ್ರು ಟ್ಯೂಶನ್ ನಡೆಸುತ್ತಿದ್ದರು. ಪಾಠಗಳನ್ನೆಲ್ಲ ವಿಡಿಯೋ ಮಾಡಿ ತಮ್ಮ ಕ್ಲಾಸಿನ ಕಂಪ್ಯೂಟರಿನಲ್ಲಿಯೇ ಇಟ್ಟಿದ್ದರು. ಅವರ ಅರ್ಧ ವಿದ್ಯಾರ್ಥಿಗಳು ನನ್ನ ಬದಿಯವರು. ಮೇಷ್ಟ್ರ ಪಾಠ ಮುಂಬೈ ಸುತ್ತಿ ಬರುವಷ್ಟರಲ್ಲಿ ತಡೆದು ತಡೆದು, ಮಕ್ಕಳು ಬೇಸತ್ತು ಮುಚ್ಚಿಡುತ್ತಿದ್ದರು. ಹಂಸಾಬೆನ್ ಒಪ್ಪಿದ್ದು ಆ ಮಕ್ಕಳಿಗಾಗಿ.

ಮಳೆ ಶುರುವಾಗುವ ಹಿಂದಿನ ವಾರ ಕನುಭಾಯಿ ಎರಡು ತಾರಸಿಗಳ ನಡುವೆ ಫೈಬರ್ ಎಳೆದರು. ಹಂಸಾಬೆನ್ ಒಂದೇ ಮಾತು ಹೇಳಿದರು. "ನಿಮ್ಮವರು ನಮ್ಮ ಮನೆಗೆ ಬರಲಿ, ನಮ್ಮವರು ನಿಮ್ಮ ಮನೆಗೆ ಬರಲಿ. ಆದರೆ ನಮ್ಮ ಮನೆಯ ಒಳಗಿನಿಂದ ಹಾದು ಪೇಟೆಗೆ ಹೋಗುವುದು ಬೇಡ. ಪೇಟೆಗೆ ಅವರವರ ದಾರಿ ಅವರವರಿಗೆ."

ಇಂಥ ಸಂಪರ್ಕದ ನಿಯಮವೇ ಅದು. ನನ್ನ ಗಿರಾಕಿ ಹಂಸಾಬೆನ್ ಅವರ ಗಿರಾಕಿಯನ್ನು ಮುಟ್ಟಲಿಕ್ಕೆ ಈ ತಂತಿ. ಬೇರೆ ಪ್ರಪಂಚಕ್ಕೆಲ್ಲ ನನ್ನ ಸ್ವಂತ ಲೈನು. ದೇಸಾಯರು ಹಂಸಾಬೆನ್ ಅವರ ಮೆಷೀನಿಗೆ ಒಂದು ಬೀಗ ಹಾಕುತ್ತೇನೆ ಅಂದರು. ಬೀಗವೆಂದರೆ, ನನ್ನ ಕಡೆಯಿಂದ ಬಂದದ್ದು ಅವರ ಗಿರಾಕಿಗಳಿಗಲ್ಲದೆ ಬೇರೆಲ್ಲಿಗೂ ಹೋಗದ ಹಾಗೆ ಒಂದು ಅಪ್ಪಣೆ ಬರೆದಿಡುವುದು.

"ನೆರೆಯವರಿಗೆ ಬೀಗ ಯಾಕೆ ದೇಸಾಯಿಭಾಯಿ?" ಅಂದರು ಹಂಸಾಬೆನ್. ಬೀಗ ಹಾಕದೆ ಬಿಟ್ಟರು.

ಮೊದಲ ದಿನವೇ ಮೇಷ್ಟ್ರ ಪಾಠ ನನ್ನ ಬದಿಯ ಮನೆಗಳಲ್ಲಿ ನೀರಿನ ಹಾಗೆ ಹರಿಯಿತು. ನನ್ನ ಹೆಂಡತಿ ಜಲಜ ಹಬ್ಬವೇನೂ ಇಲ್ಲದೆ ಕಡುಬು ಮಾಡಿ ಆಚೆ ಕಳಿಸಿದಳು. ಆಚೆಯಿಂದ ಹಪ್ಪಳದಂಥ ಗರಿಗರಿ ರೊಟ್ಟಿ, ಖಾಖ್ರಾ ಬಂತು. ನಲವತ್ತು ಹೆಜ್ಜೆಯನ್ನು ಹದಿನೈದು ವರ್ಷಕ್ಕೆ ಮೊದಲ ಸಲ ದಾಟಿದೆವು.

ಆ ವರ್ಷ ಮಳೆ ಜೋರು. ಅಹಮದಾಬಾದಿನ ಮಳೆ ನಮ್ಮ ಕರಾವಳಿಯ ಹಾಗೆ ದಿನವಿಡೀ ಕೂತು ಸುರಿಯುವುದಿಲ್ಲ. ನಾಲ್ಕು ದಿನ ಸುಳಿವೇ ಇರುವುದಿಲ್ಲ, ಮೈಯೆಲ್ಲ ಬೆವರು. ಐದನೆಯ ದಿನ ಒಂದೇ ಗಂಟೆಯಲ್ಲಿ ಅಂಡರ್‌ಪಾಸು ಕೆರೆಯಾಗಿ ರಿಕ್ಷಾಗಳು ತೇಲುತ್ತವೆ. ಅಂಥದೊಂದು ಮಳೆಯ ಮರುದಿನ ಚರಂಡಿಗೆ ಅಗೆಯುವ ಯಂತ್ರ ನನ್ನ ಮೇಲಿನ ಲೈನನ್ನು ಕತ್ತರಿಸಿತು. ಗುಂಡಿಯಲ್ಲಿ ಎದೆಮಟ್ಟ ನೀರು. ರಿಪೇರಿಗೆ ಮೂರು ದಿನ ಬೇಕು ಎಂದರು ಕಂಪನಿಯವರು.

ಫೋನು ಬಡಿಯತೊಡಗಿತು. "ಅಣ್ಣಾಭಾಯಿ, ಮನೆಯಿಂದ ಆಫೀಸ್ ಕೆಲಸ ಮಾಡಬೇಕು." "ಅಣ್ಣಾಭಾಯಿ, ಎದುರು ಬದಿಯವರದ್ದು ನಡೀತಾ ಇದೆಯಲ್ಲ, ಅವರದ್ದೇ ಹಾಕಿಸ್ತೇನೆ." ಈ ಕೊನೆಯ ಮಾತು ನನಗೆ ಚುಚ್ಚಿತು. ಮೆಷೀನಿನ ಮುಂದೆ ಕೂತು ಒಂದು ಸಾಲು ಬರೆದೆ. ಆ ಸಾಲಿನ ಅರ್ಥ ಇಷ್ಟೇ: ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದ್ದನ್ನೆಲ್ಲ ಹಂಸಾಬೆನ್ ಕಡೆಗೆ ತಳ್ಳು.

ಹಂಸಾಬೆನ್ ಅವರ ಮೆಷೀನು ಮುಗ್ಧ. ತನ್ನ ಮೂಲಕ ಹೊರಗೆ ಹೋಗುವ ಯಾವುದಕ್ಕಾದರೂ ತನ್ನದೇ ವಿಳಾಸ ಹಚ್ಚಿ ಕಳಿಸುತ್ತಿತ್ತು, ಬಂದ ಉತ್ತರವನ್ನು ತಂದು ನನಗೆ ಒಪ್ಪಿಸುತ್ತಿತ್ತು. ಹತ್ತು ನಿಮಿಷದಲ್ಲಿ ನನ್ನ ಫೋನು ತಣ್ಣಗಾಯಿತು. ರಸ್ತೆ ದಾಟಿ ಒಂದು ಮಾತು ಕೇಳಬಹುದಿತ್ತು. ಕೇಳಿದರೆ ನನ್ನ ಲೈನು ಬಿದ್ದದ್ದು ಅವರಿಗೆ ಗೊತ್ತಾಗುತ್ತದೆ, ನನ್ನ ಗಿರಾಕಿಗಳನ್ನು ಎಳೆದುಕೊಳ್ಳುತ್ತಾರೆ ಎಂದು ನನ್ನ ಹಳೆಯ ಬುದ್ಧಿ ಹೇಳಿತು.

ಮೂರು ದಿನದ ಮೇಲೆ ನನ್ನ ಲೈನು ಸರಿಯಾಯಿತು. ಸಾಲನ್ನು ಅಳಿಸಬೇಕಿತ್ತು, ಅಳಿಸಲಿಲ್ಲ. ಸಂಜೆಯ ಹೊತ್ತಿಗೆ ನನ್ನ ಲೈನು ಯಾವತ್ತೂ ಏದುಸಿರು ಬಿಡುವಂಥದ್ದು. ಅರ್ಧ ಗಿರಾಕಿಗಳನ್ನು ಹಂಸಾಬೆನ್ ದಾರಿಗೆ ಬಿಟ್ಟರೆ ಎಲ್ಲರಿಗೂ ಆರಾಮ. "ಅಣ್ಣಾಭಾಯಿ, ಏನು ಮಾಡಿದ್ರಿ? ಹಾರ್ತಾ ಇದೆ!" ಎಂದು ಜನ ಹೊಗಳಿದರು. ಹೊಗಳಿಕೆ ರುಚಿಯಾಗಿತ್ತು. ಹೀಗೆ ಐದು ವಾರ ಕಳೆಯಿತು.

ಆಚೆ ಬದಿಯಲ್ಲಿ ಬೈಗುಳ ಶುರುವಾಗಿತ್ತು. ಸಂಜೆ ಆದರೆ ಅವರ ಗಿರಾಕಿಗಳ ವಿಡಿಯೋ ನಿಲ್ಲುತ್ತದೆ, ಮಾತು ತುಂಡಾಗುತ್ತದೆ. ಹಂಸಾಬೆನ್‌ಗೆ ಕಾರಣ ಸಿಗಲಿಲ್ಲ. ನನ್ನ ತಂತಿಯ ಕಡೆ ಅವರು ನೋಡಲೇ ಇಲ್ಲ, ನಂಬಿದವರು ಯಾಕೆ ನೋಡುತ್ತಾರೆ? ಮಳೆ ನೀರು ಜಾಯಿಂಟುಗಳಿಗೆ ಹೋಗಿದೆ, ಕನುಭಾಯಿ ಸರಿಯಾಗಿ ಜೋಡಿಸಿಲ್ಲ ಎಂದುಕೊಂಡರು. ಕನುಭಾಯಿ ಒದ್ದೆ ತಾರಸಿಗಳನ್ನು ಹತ್ತಿ ಒಂದೊಂದೇ ಪೆಟ್ಟಿಗೆ ಬಿಚ್ಚಿ ಮತ್ತೆ ಜೋಡಿಸಿದರು. ನಾನು ಅಂಗಡಿಯಲ್ಲಿ ಕೂತು ಅವರು ಏಣಿ ಹೊತ್ತು ಹೋಗುವುದನ್ನು ನೋಡುತ್ತಿದ್ದೆ. ಏನೂ ಸುಧಾರಿಸಲಿಲ್ಲ. ಸುಧಾರಿಸುವುದಾದರೂ ಹೇಗೆ?

ಒಂದು ಮಧ್ಯಾಹ್ನ ಕನುಭಾಯಿ ನನ್ನ ಅಂಗಡಿಗೆ ಬಂದರು. ಕರವಸ್ತ್ರದಲ್ಲಿ ಸುತ್ತಿದ ಒಂದು ಫೈಬರ್ ತುಂಡು, ಒಂದು ಭೂತಗನ್ನಡಿ.

"ಅಣ್ಣಾಭಾಯಿ, ನಿನ್ನೆ ನಾನು ಮಾಡಿದ ಜಾಯಿಂಟು ಇದು. ಜೋಡಿಸುವ ಮೆಷೀನು ಸರಿಯಿದೆ ಅನ್ನುತ್ತದೆ. ಬೆನ್ ಅವರು ಮೆಷೀನೂ ಹಳತು, ನೀನೂ ಹಳಬ ಅನ್ನುತ್ತಾರೆ. ನೀವು ಈ ಕೆಲಸ ಬಲ್ಲವರು. ನೋಡಿ ಹೇಳಿ, ನನ್ನ ಕಣ್ಣು ಹೋಗಿದೆಯಾ?"

ಭೂತಗನ್ನಡಿಯಲ್ಲಿ ನೋಡಿದೆ. ಅಂಥ ಜಾಯಿಂಟನ್ನು ನಾನು ಜನ್ಮದಲ್ಲಿ ಹೊಡೆದವನಲ್ಲ. ಎರಡು ಎಳೆ ಕೂಡಿದ ಜಾಗವೇ ಕಾಣುತ್ತಿರಲಿಲ್ಲ.

"ವಯಸ್ಸಾಯಿತಲ್ಲ ಕನುಭಾಯಿ" ಅಂದೆ. "ನನಗೂ ಈಗ ಪೇಪರ್ ಓದಲಿಕ್ಕೆ ಕನ್ನಡಕ ಬೇಕು."

ಅವರು ತಲೆಯಾಡಿಸಿದರು. ಫೈಬರನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿಕೊಂಡರು. ಚಹಾ ತರಿಸುತ್ತೇನೆ ಎಂದರೆ ಬೇಡ ಎಂದು ಹೋದರು. ನನ್ನ ಜೀವನದಲ್ಲಿ ನಾನು ಆಡಿದ ಸುಳ್ಳುಗಳು ಎಷ್ಟೋ ಇವೆ. ಇಷ್ಟು ಸಲೀಸಾಗಿ ಬಾಯಿಂದ ಬಂದದ್ದು, ಇಷ್ಟು ಆಳಕ್ಕೆ ಹೋಗಿ ಕೂತದ್ದು ಇದೊಂದೇ.

ಆ ವಾರವೇ ಹಂಸಾಬೆನ್ ಜಾಯಿಂಟಿನ ಮೆಷೀನನ್ನು ಅವರ ಕೈಯಿಂದ ತೆಗೆದು ಕಪಾಟಿನ ಮೇಲಿಟ್ಟರು. ನವರಂಗಪುರದಿಂದ ಗುತ್ತಿಗೆಯ ಒಬ್ಬ ಕೆಲಸದವನನ್ನು ಕರೆಸಿದರು. ಕನುಭಾಯಿಯನ್ನು ಫೋನು ಎತ್ತುವ ಕೆಲಸಕ್ಕೆ ಕೂರಿಸಿದರು.

ನಮ್ಮ ಚೌತಿಯೂ ಜೈನರ ಸಂವತ್ಸರಿಯೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಸಂವತ್ಸರಿಯ ದಿನ ಅವರು ಉಪವಾಸವಿದ್ದು, ವರ್ಷದಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆಲ್ಲ ಎಲ್ಲರ ಕ್ಷಮೆ ಕೇಳುತ್ತಾರೆ. "ಮಿಚ್ಛಾಮಿ ದುಕ್ಕಡಂ" ಎನ್ನುತ್ತಾರೆ. ಮೊಬೈಲು ಬಂದ ಮೇಲೆ ಅದು ಹೂವಿನ ಚಿತ್ರದ ಜೊತೆ ನೂರಾರು ಜನರಿಗೆ ಒಟ್ಟಿಗೇ ಹೋಗುತ್ತದೆ. ನಾನೂ ಪ್ರತಿವರ್ಷ ಅದೇ ಹೂವನ್ನು ತಿರುಗಿಸಿ ಕಳಿಸುತ್ತಿದ್ದೆ.

ಆ ಸಲ ಸಂವತ್ಸರಿಯ ಮರುದಿನ ಬೆಳಿಗ್ಗೆ ಹಂಸಾಬೆನ್ ತಾವೇ ರಸ್ತೆ ದಾಟಿ ಬಂದರು. ಜಲಜ ಪಂಚಕಜ್ಜಾಯದ ಡಬ್ಬಿ ಹಿಡಿದು ಆಗಷ್ಟೇ ಮನೆಯಿಂದ ಇಳಿದಿದ್ದಳು.

"ಇದರಲ್ಲಿ ಬಟಾಟೆ ಇಲ್ಲವಲ್ಲ ಜಲಜಾಬೆನ್?" ಎಂದರು ಹಂಸಾಬೆನ್. ಜೈನರು ಗೆಡ್ಡೆ ತಿನ್ನುವುದಿಲ್ಲ.

"ಬರೀ ಕಡಲೆ, ಬೆಲ್ಲ, ಕಾಯಿ, ಎಳ್ಳು. ನಿಮಗೆ ಬಟಾಟೆ ತಿನ್ನಿಸಿ ನಾನು ಯಾವ ನರಕಕ್ಕೆ ಹೋಗಲಿ?" ಎಂದಳು ಜಲಜ ತನ್ನ ಹರುಕು ಗುಜರಾತಿಯಲ್ಲಿ. ಇಬ್ಬರೂ ನಕ್ಕರು. ಆಮೇಲೆ ಹಂಸಾಬೆನ್ ನನ್ನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು.

"ಮಿಚ್ಛಾಮಿ ದುಕ್ಕಡಂ, ಅಣ್ಣಾಭಾಯಿ. ಮೊಬೈಲಿನಲ್ಲಿ ಕಳಿಸಿ ಸುಮ್ಮನಿರಲಿಕ್ಕೆ ಮನಸ್ಸು ಬರಲಿಲ್ಲ. ಈ ತಿಂಗಳು ನನ್ನ ಏಳೆಂಟು ಮನೆಯವರು ನಿಮ್ಮ ಕಡೆ ಬಂದರು. ನೀವೇ ಏನೋ ಚಾಡಿ ಹೇಳಿ ಎಳೆದುಕೊಂಡಿರಿ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಹಾಗೆ ಅಂದುಕೊಂಡದ್ದು ಪಾಪ. ಕ್ಷಮಿಸಿ."

"ಮಿಚ್ಛಾಮಿ ದುಕ್ಕಡಂ" ಅಂದೆ ನಾನೂ. ಬಾಯಿಗೆ ಅಭ್ಯಾಸವಿತ್ತು.

ಅವರು ಹೋದ ಮೇಲೆ ಜಲಜ ನನ್ನ ಮುಖವನ್ನೇ ನೋಡಿದಳು. "ಎಂತ ಆಯ್ತು ನಿಮಗೆ? ಮುಖ ಯಾಕೆ ಹಾಗೆ ಮಾಡಿದ್ರಿ?"

ಹೇಳಿಬಿಟ್ಟೆ. ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಈಗಲೇ ತೆಗೀರಿ ಅದನ್ನು. ನನ್ನ ಎದುರಿಗೆ ತೆಗೀರಿ" ಅಂದಳು. ಆ ಸಾಲನ್ನು ಅಳಿಸಿದೆ. ಮೂರು ಕ್ಷಣದ ಕೆಲಸ. ಮುಗಿಯಿತು, ಇನ್ನು ಯಾರಿಗೂ ತೊಂದರೆಯಿಲ್ಲ ಎಂದು ಉಸಿರುಬಿಟ್ಟೆ.

ಮುಗಿದಿರಲಿಲ್ಲ. ಆ ಸಂಜೆಯಿಂದಲೇ ಹಂಸಾಬೆನ್ ಅವರ ಲೈನು ಕುದುರೆಯಾಯಿತು. ಗುತ್ತಿಗೆಯವನು ಅದೇ ಹೊತ್ತಿಗೆ ಜಾಯಿಂಟುಗಳನ್ನೆಲ್ಲ ಬದಲಿಸಿ ಮುಗಿಸಿದ್ದ! "ನೋಡಿದಿರಾ, ಕೈ ಬದಲಾದದ್ದೇ ಸರಿಹೋಯಿತು" ಎಂದು ಹಂಸಾಬೆನ್ ಎಲ್ಲರಿಗೂ ಹೇಳಿದರು. ನನಗೂ ಹೇಳಿದರು. ಅಲ್ಲಿಯವರೆಗೆ ಕನುಭಾಯಿಯ ಮೇಲೆ ಇದ್ದದ್ದು ಸಂಶಯ. ನಾನು ಗುಟ್ಟಾಗಿ ತಪ್ಪು ತಿದ್ದಿಕೊಂಡು ಅದಕ್ಕೆ ಸಾಕ್ಷಿ ಒದಗಿಸಿಕೊಟ್ಟಿದ್ದೆ. ಮರುದಿನ ಕನುಭಾಯಿ ಏಣಿಯನ್ನು ಗುತ್ತಿಗೆಯವನಿಗೆ ಒಪ್ಪಿಸುವುದನ್ನು ನೋಡಿದೆ. ಹಗ್ಗವನ್ನು ಅಚ್ಚುಕಟ್ಟಾಗಿ ಸುತ್ತಿ, ಯಾವ ಮೆಟ್ಟಿಲು ಸಡಿಲ ಎಂದು ತೋರಿಸಿ ಕೊಟ್ಟರು.

"ತೆಗೆದದ್ದು ಸಾಲದು" ಅಂದಳು ಜಲಜ. "ಹೋಗಿ ಹೇಳಬೇಕು."

"ವ್ಯವಹಾರ ಹೋಗ್ತದೆ ಮಾರಾಯ್ತಿ. ಊರಲ್ಲಿ ಮುಖ ಎತ್ತಲಿಕ್ಕುಂಟಾ?"

"ಈಗ ಎತ್ತಿಕೊಂಡಿದ್ದೀರಾ?"

ರಸ್ತೆ ದಾಟಿದೆ. ಹಂಸಾಬೆನ್ ಮೇಜಿನ ಹಿಂದೆ, ಕನುಭಾಯಿ ಫೋನಿನ ಪಕ್ಕ. ನಿಂತೇ ಹೇಳಿದೆ. ಸಾಲು ಬರೆದದ್ದು, ಲೈನು ಸರಿಯಾದ ಮೇಲೂ ಬಿಟ್ಟದ್ದು, ಅಳಿಸಿದ ದಿನ. ಹಂಸಾಬೆನ್ ಅವರ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು.

ಮೊದಲು ಮಾತಾಡಿದವರು ಕನುಭಾಯಿ. "ಹಾಗಾದರೆ ನನ್ನ ಜಾಯಿಂಟು?"

"ಎಲ್ಲಾ ಸರಿಯಿತ್ತು. ಒಂದೂ ಕೆಟ್ಟಿರಲಿಲ್ಲ. ನೀವು ತೋರಿಸಿದ್ದನ್ನು ನೋಡಿದಾಗಲೇ ನನಗೆ ಗೊತ್ತಿತ್ತು."

ಅವರು ನನ್ನನ್ನು ನೋಡಲಿಲ್ಲ. ಎದ್ದು ಸ್ಟೂಲು ಹತ್ತಿ ಕಪಾಟಿನ ಮೇಲಿಂದ ಮೆಷೀನು ಇಳಿಸಿದರು. ಅದರ ಧೂಳನ್ನು ಅಂಗಿಯ ತುದಿಯಿಂದ ಒರೆಸಿದರು. ಅದನ್ನು ಎತ್ತಿಕೊಂಡು ಹೊರಗೆ ನಡೆದರು. ಹಂಸಾಬೆನ್ ಹಿಂದೆಯೇ ಬಾಗಿಲವರೆಗೆ ಹೋಗಿ, "ಕನುಭಾಯಿ, ನಿಮಗೆ ಕೈಮುಗಿಯದೆ ಊರಿಗೆಲ್ಲ ಕೈಮುಗಿದು ಬಂದೆ ನಾನು" ಎಂದರು.

ತಿರುಗಿ ಬಂದು ನನಗೆ ಹೇಳಿದ್ದು ಎರಡೇ ಮಾತು. "ಕೇಳಿದ್ದರೆ ಕೊಡುತ್ತಿದ್ದೆ ಅಣ್ಣಾಭಾಯಿ." ಆಮೇಲೆ, "ದೇಸಾಯಿಭಾಯಿಗೆ ಹೇಳಿ ಇವತ್ತೇ ಬೀಗ ಹಾಕಿಸುತ್ತೇನೆ. ತಂತಿ ಮಾತ್ರ ಕೀಳುವುದಿಲ್ಲ. ಪಾಠ ನೋಡುವ ಮಕ್ಕಳು ನಿಮ್ಮ ಕಡೆಯೂ ಇದ್ದಾರೆ."

ಅವರು ಊರಿಗೆಲ್ಲ ಸಾರುತ್ತಾರೆ ಎಂದುಕೊಂಡಿದ್ದೆ. ಸಾರಲಿಲ್ಲ. ಗುತ್ತಿಗೆಯವನನ್ನು ಕಳಿಸಿದರು, ಏಣಿ ಮತ್ತೆ ಕನುಭಾಯಿಯ ಹೆಗಲಿಗೆ ಬಂತು. ತಪ್ಪು ಜಾಯಿಂಟಿನದ್ದಲ್ಲ, ಕನುಭಾಯಿಯದ್ದಲ್ಲ ಎಂದು ಪ್ರತಿ ಸೊಸೈಟಿಗೂ ಹೋಗಿ ಹೇಳಿಬಂದರು. ಯಾರದ್ದು ಎಂದು ಕೇಳಿದರೆ, ಆ ವಿಷಯ ಮುಗಿದಿದೆ ಎಂದರು.

ಹಿಂದೆ ಸರಿಯುವ ಮಳೆ ಹೋಗುವ ಮೊದಲು ಒಂದು ಸಲ ಹೊಡೆದೇ ಹೋಗುತ್ತದೆ. ನವರಾತ್ರಿಗೆ ವಾರವಿರುವಾಗ ಅದೇ ಅಗೆಯುವ ಯಂತ್ರ, ಅದೇ ಗುಂಡಿ, ನನ್ನ ಲೈನು ಮತ್ತೆ ತುಂಡು. ಫೋನು ಬಡಿಯಿತು. ಈ ಸಲ ಮೆಷೀನಿನ ಹತ್ತಿರವೂ ಹೋಗಲಿಲ್ಲ. ಬಂದ ಫೋನುಗಳಿಗೆಲ್ಲ ನಿಜ ಹೇಳಿದೆ: ಲೈನು ಬಿದ್ದಿದೆ, ಎರಡು ದಿನ ಆಗುತ್ತದೆ, ಬೇರೆಯವರದ್ದು ಹಾಕಿಸಿಕೊಂಡರೆ ಬೇಸರವಿಲ್ಲ. ರಸ್ತೆ ದಾಟಿ ಕೇಳಲಿಕ್ಕೆ ಯಾವ ಮುಖ ನನಗೆ?

ಮಧ್ಯಾಹ್ನ ಹಂಸಾಬೆನ್ ಫೋನು ಮಾಡಿದರು. "ನಿಮ್ಮ ಲೈನು ಬಿದ್ದಿದೆಯಂತೆ. ನಿಮ್ಮ ಆ ಸಾಲು ಮತ್ತೆ ಬರೆಯಿರಿ. ದೇಸಾಯಿಭಾಯಿ ಬೀಗ ತೆಗೆದಿದ್ದಾರೆ."

"ಬೇಡ ಬೆನ್. ನಿಮ್ಮ ಗಿರಾಕಿಗಳಿಗೆ ನಿಧಾನವಾಗುತ್ತದೆ."

"ಗೊತ್ತು. ಬೀಗ ತೆಗೆಯಿರಿ ಎಂದದ್ದು ನಾನಲ್ಲ, ಕನುಭಾಯಿ. ಅವರೊಡನೆ ವಾದ ಮಾಡುವ ಶಕ್ತಿ ನನಗಿಲ್ಲ."

ಅದೇ ಸಾಲನ್ನು ಅದೇ ಬೆರಳುಗಳಿಂದ ಬರೆದೆ. ನನ್ನ ಬದಿಯ ಮನೆಗಳಿಗೆ ಒಂದೊಂದಾಗಿ ಜೀವ ಬಂತು. ಕೃತಜ್ಞತೆ ಎಂಬ ಶಬ್ದವನ್ನು ಶಾಲೆಯಲ್ಲಿ ಬರೆದು ಕಲಿತಿದ್ದೆ, ಅದರ ಭಾರ ಗೊತ್ತಾದದ್ದು ಆ ಮಧ್ಯಾಹ್ನ.

ಕನುಭಾಯಿ ನನ್ನನ್ನು ಕ್ಷಮಿಸಿದ್ದೇನೆ ಎಂದು ಯಾವತ್ತೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಆ ಸಂಜೆ ಅವರಿಗೊಂದು ಮಾತು ಹೇಳದೆ ಇರಲಾಗದೆ ಆಚೆ ಹೋದೆ. ಅವರು ತಾವೇ ದೂರಿನ ಫೋನು ಎತ್ತಿದ್ದರು. ಆ ತುದಿಯಲ್ಲಿ ಯಾರೋ ಹೆಂಗಸು ಬೈಯುತ್ತಿದ್ದದ್ದು ನನಗೂ ಕೇಳುತ್ತಿತ್ತು. ಬಾಗಿಲಲ್ಲಿ ನನ್ನನ್ನು ಕಂಡು ಅವರು ಪಕ್ಕದ ಸ್ಟೂಲನ್ನು ಕಾಲಿನಿಂದ ಇತ್ತ ತಳ್ಳಿ, ಕೂರಿ ಎಂದು ಕೈಸನ್ನೆ ಮಾಡಿದರು.

"ಇಲ್ಲ ಬೆನ್, ಜಾಯಿಂಟು ಗಟ್ಟಿಯಿದೆ, ಈಗ ಮತ್ತೆ ನನ್ನ ಕೈಯಿಂದಲೇ ಮಾಡಿದ್ದು. ಎದುರು ಬದಿಯವರ ಲೈನು ಬಿದ್ದಿದೆ, ಎರಡು ದಿನ ಅವರೂ ನಮ್ಮ ದಾರಿಯಲ್ಲೇ ಹೋಗುತ್ತಿದ್ದಾರೆ. ಹೌದು, ನಿಧಾನವಾಗುತ್ತದೆ. ಹೌದು, ನಾವೇ ಬಿಟ್ಟದ್ದು." ಸ್ವಲ್ಪ ಹೊತ್ತು ಕೇಳಿಸಿಕೊಂಡರು. "ಯಾಕೆ ಅಂದರೆ? ಅವರಲ್ಲೂ ಮಕ್ಕಳಿದ್ದಾರೆ ಬೆನ್. ಬೈಯುವುದಿದ್ದರೆ ನನಗೇ ಬೈಯಿರಿ, ನಾನು ಇಲ್ಲೇ ಕೂತಿದ್ದೇನೆ."